ಒಂದು ದೀರ್ಘ ಜಾಸ್ತಿಯಾದ ಬಟ್ಟೆ

ಐರ್ಲೆಂಡಿನ ಡಬ್ಲಿನ್‌ನ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುವ ಒಂದು ಲಿನನ್ ಬಟ್ಟೆ ಇದೆ. ಓವನ್ ಬಾಗಿಲಿನ ಹಿಡಿಗೆ ನೇತುಹಾಕಿದ್ದೇನೆ. ಅದರ ಮೇಲೆ ಹಸಿರು ಅಕ್ಷರಗಳಲ್ಲಿ ಐರಿಷ್ ಭಾಷೆಯ ಒಂದು ಗಾದೆ. ನಾನೇ ಅಚ್ಚು ಹಾಕಿದ್ದು. ಗಾದೆಯಲ್ಲಿ ಒಂದು ತಪ್ಪಿದೆ. ಅದೂ ನನ್ನದೇ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಇಲ್ಲಿಗೆ ಬಂದ ಹೊಸದರಲ್ಲಿ ಗುಳೇದಗುಡ್ಡದಿಂದ ಅವ್ವ ಫೋನಿನಲ್ಲಿ ಕೇಳಿದ್ದಳು, "ಏನವಾ, ಅವ್ರ ಭಾಷಾ ಇಂಗ್ಲಿಷ್ ಅಲ್ಲೇನು?" ನನಗೂ ಹಾಗೇ ಅನಿಸಿತ್ತು. ಇಲ್ಲಿಯವರಿಗೆ ತಮ್ಮದೇ ಭಾಷೆ ಇದೆ. ಅವರು ಅದನ್ನು ಗೇಲ್ಗೆ ಅನ್ನುತ್ತಾರೆ. 1937ರ ಸಂವಿಧಾನದ ಪ್ರಕಾರ ಅದೇ ಈ ದೇಶದ ಮೊದಲ ಅಧಿಕೃತ ಭಾಷೆ, ಇಂಗ್ಲಿಷ್ ಎರಡನೆಯದು. ಕಾಗದದ ಮೇಲೆ ಹಾಗೆ. ಬೀದಿಗೆ ಬಂದರೆ ಕತೆಯೇ ಬೇರೆ. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ, ಅಂದರೆ ನೂರಕ್ಕೆ 40 ಮಂದಿ, ತಮಗೆ ಐರಿಷ್ ಬರುತ್ತದೆ ಎಂದು ಬರೆಸಿದರು. ಶಾಲೆಯ ಹೊರಗೆ ದಿನಾ ಮಾತಾಡುತ್ತೇವೆ ಎಂದವರು 71,968 ಮಂದಿ ಮಾತ್ರ.

ಈ ಎರಡು ಸಂಖ್ಯೆಗಳ ನಡುವೆ ದೊಡ್ಡದೊಂದು ಸಂಕೋಚ ಕೂತಿದೆ. ನನ್ನ ಆಫೀಸಿನವರನ್ನೇ ನೋಡಿ. ಹದಿಮೂರು ಹದಿನಾಲ್ಕು ವರ್ಷ ಶಾಲೆಯಲ್ಲಿ ಕಲಿತಿದ್ದಾರೆ. "ಐರಿಷ್ ಬರುತ್ತಾ?" ಎಂದರೆ ಮುಖ ಕೆಂಪಾಗುತ್ತದೆ. ಪರೀಕ್ಷೆ, ವ್ಯಾಕರಣ, ಬೈಸಿಕೊಂಡದ್ದು ಎಲ್ಲ ನೆನಪಾಗುತ್ತದೆ. "ಕೂಪ್ಲ ಫೊಕಲ್ ಅಷ್ಟೇ" ಅನ್ನುತ್ತಾರೆ. ಎರಡು ಮಾತು ಬರುತ್ತದೆ ಅಷ್ಟೇ, ಅಂತ.

ನನಗೆ ಆ ಸಂಕೋಚ ಇರಲಿಲ್ಲ. ಕಲಿತೇ ಇರಲಿಲ್ಲವಲ್ಲ! ಮಗಳು ಶಾಲೆಗೆ ಸೇರಿದ ಮೇಲೆ ಅವಳ ಹೋಂವರ್ಕ್ ಜತೆ ನನ್ನದೂ ಶುರುವಾಯಿತು. ಮೊದಲ ದಿನಗಳಲ್ಲೇ ಒಂದು ಆಶ್ಚರ್ಯ. ಐರಿಷ್‌ನಲ್ಲಿ 'ನಾನು ಹಸಿದಿದ್ದೇನೆ' ಅನ್ನುವುದಿಲ್ಲ, 'ಹಸಿವು ನನ್ನ ಮೇಲಿದೆ' ಅನ್ನುತ್ತಾರೆ. ನಮ್ಮ 'ನನಗೆ ಹಸಿವಾಗಿದೆ' ಇದ್ದ ಹಾಗೆ. 'ನನ್ನ ಹತ್ತಿರ ಪುಸ್ತಕ ಇದೆ' ಅನ್ನುವುದಂತೂ ನಮ್ಮ ಹಾಗೇ. 'ಎಸ್', 'ನೋ' ಎಂಬ ಒಂಟಿ ಪದಗಳೂ ಇಲ್ಲ. "ಅರ್ಥ ಆಯ್ತಾ?" ಎಂದರೆ "ಆಯ್ತು" ಎಂದು ಕ್ರಿಯಾಪದದಲ್ಲೇ ಉತ್ತರ. ಮಗಳು ಇಂಗ್ಲಿಷಿನಿಂದ ಹೋಗಿ ಒದ್ದಾಡುತ್ತಿದ್ದಳು. ಕನ್ನಡದಿಂದ ಹೋಗು ಅಂದೆ. ದಾರಿ ಹತ್ತಿರವಾಯಿತು.

ಇನ್ನು ಬಟ್ಟೆಯ ವಿಷಯ. ಇಲ್ಲಿ ಮಾರ್ಚ್ 1ರಿಂದ 17ರವರೆಗೆ 'ಶಖ್ತನ್ ನ ಗೇಲ್ಗೆ' ನಡೆಯುತ್ತದೆ. ಹಾಗೆಂದರೆ ಐರಿಷ್ ವಾರ. ಹದಿನೇಳು ದಿನದ ವಾರ ಹೇಗಾಗುತ್ತದೆ ಎಂದು ಯಾರೂ ಕೇಳುವುದಿಲ್ಲ, ನೀವೂ ಕೇಳಬೇಡಿ. ಆಗ ಶಾಲೆಯಲ್ಲಿ ಸಣ್ಣ ಮಾರಾಟ ಇರುತ್ತದೆ. ನಾನು ಆ ಚಳಿಗಾಲ ಹತ್ತಿರದ ಒಂದು ಕಡೆ ಸ್ಕ್ರೀನ್ ಪ್ರಿಂಟಿಂಗ್ ಕಲಿಯಲು ಹೋಗುತ್ತಿದ್ದೆ. ಊರಿನಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿ ಇರುತ್ತಿತ್ತಲ್ಲ, ಅದೇ ಕೆಲಸ. ಚೌಕಟ್ಟಿಗೆ ಬಿಗಿದ ಜಾಲರಿ, ಮೇಲೆ ಶಾಯಿ, ರಬ್ಬರ್ ಪಟ್ಟಿಯಿಂದ ಒಂದೇ ಎಳೆತ. ಮದುವೆಗೆ ಬಂದವರಿಗೆ ತೆಂಗಿನಕಾಯಿ ಹಾಕಿ ಕೊಡುವ ಕೈಚೀಲಕ್ಕೆ ವಧೂವರರ ಹೆಸರು ಹಾಕುತ್ತಿದ್ದದ್ದೂ ಹೀಗೇ. ಮದುವೆ ಮುಗಿದು ವರ್ಷಗಟ್ಟಲೆ ಆದಮೇಲೂ ಆ ಹೆಸರುಗಳು ಸಂತೆಯಲ್ಲಿ ಬದನೆಕಾಯಿ ಹೊತ್ತು ತಿರುಗುತ್ತಿದ್ದವು. ಬಟ್ಟೆಯ ಮೇಲೆ ಬರೆದದ್ದು ಎಲ್ಲಿಗೆಲ್ಲ ಹೋಗುತ್ತದೆ ಎಂದು ನನಗೆ ಗೊತ್ತಿದ್ದದ್ದು ಅಲ್ಲಿಂದಲೇ.

ಇಪ್ಪತ್ತನಾಲ್ಕು ಬಟ್ಟೆ ತಂದೆ. ಗಾದೆ ಆರಿಸಿದೆ: "ಇಸ್ ಫ್ಯಾರ್ ಗೇಲ್ಗೆ ವ್ರಿಶ್ತೆ ನಾ ಬೇರ್ಲ ಕ್ಲಿಶ್ತೆ." ಜಾಣ ಇಂಗ್ಲಿಷಿಗಿಂತ ಮುರುಕು ಐರಿಷ್ಷೇ ಮೇಲು. ಕಲಿಯುವವರಿಗೆ ಧೈರ್ಯ ಹೇಳಲು ಎಲ್ಲರೂ ಬಳಸುವ ಮಾತು. ಅಚ್ಚು ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ ಹೆಮ್ಮೆಯಿಂದ ಶಾಲೆಗೆ ಹೊತ್ತುಕೊಂಡು ಹೋದೆ. ಮಗಳ ಟೀಚರ್ ಒಂದನ್ನು ಬಿಡಿಸಿ ನೋಡಿದರು. ತುಟಿ ಬಿಗಿಹಿಡಿದರು. ಆಮೇಲೆ ತಡೆಯಲಾರದೆ ಜೋರಾಗಿ ನಕ್ಕರು.

ಐರಿಷ್‌ನಲ್ಲಿ ಸ್ವರದ ಮೇಲೆ ಒಂದು ಓರೆಗೆರೆ ಬರುತ್ತದೆ. ಹೆಸರು ಫಾದಾ. ಫಾದಾ ಅಂದರೆ ಉದ್ದ. ನಮ್ಮ 'ದೀರ್ಘ'! ಅರ್ಥವೂ ಅದೇ, ಕೆಲಸವೂ ಅದೇ. ಬಳೆಗೂ ಬಾಳೆಗೂ ಎಷ್ಟು ವ್ಯತ್ಯಾಸವೋ ಇಲ್ಲಿಯೂ ಅಷ್ಟೇ. ಗಾದೆಯ 'ವ್ರಿಶ್ತೆ'ಯ ಮೂಲ ರೂಪ ಬ್ರಿಶ್ತೆ, ಅಂದರೆ ಮುರಿದದ್ದು. ಬ್ರೀಶ್ತೆ ಅಂದರೆ ಪ್ಯಾಂಟು. ಆ ತಿಂಗಳು ಮಗಳ ಪುಸ್ತಕದಲ್ಲಿ ಬಟ್ಟೆಬರೆಯ ಪಾಠ ನಡೆದಿತ್ತು. ಅಂಗಿ, ಸ್ವೆಟರ್, ಕಾಲುಚೀಲ, ಪ್ಯಾಂಟು. ಕೈಗೆ ಅದೇ ರೂಢಿಯಾಗಿ, ಅಕ್ಷರ ಜೋಡಿಸುವಾಗ ಒಂದು ದೀರ್ಘ ಎಳೆದುಬಿಟ್ಟಿದ್ದೆ. 'ಜಾಣ ಇಂಗ್ಲಿಷಿಗಿಂತ ಪ್ಯಾಂಟಿನ ಐರಿಷ್ ಮೇಲು.' ಇಪ್ಪತ್ತನಾಲ್ಕು ಸಲ.

ಮನೆಗೆ ವಾಪಸ್ ತರಲು ಹೊರಟಿದ್ದೆ. ಟೀಚರ್ ಬಿಡಲಿಲ್ಲ. ಮೇಜಿನ ಮೇಲೆ ಹಾಗೇ ಹರಡಿದರು. ಬಂದ ಅಪ್ಪ ಅಮ್ಮಂದಿರೆಲ್ಲ ಓದಿದರು. ಓದಿ ನಕ್ಕರು. ಅವರು ನಕ್ಕದ್ದು ನನಗೆ ಸಮಾಧಾನ ಆಗಲಿಕ್ಕೆ ಅಲ್ಲ, ಅವರಿಗೆ ಅರ್ಥವಾಗಿತ್ತು! ಒಂದಕ್ಷರ ಐರಿಷ್ ಬರುವುದಿಲ್ಲ ಎಂದು ವರ್ಷವಿಡೀ ಹೇಳುತ್ತಿದ್ದವರೇ ಫಾದಾ ಹಿಡಿದು ನನಗೆ ಪಾಠ ಮಾಡಿದರು. ಅರ್ಧ ಗಂಟೆಯಲ್ಲಿ ಎರಡೇ ಬಟ್ಟೆ ಉಳಿದವು. ಒಂದು ಓವನ್ ಹಿಡಿಯ ಮೇಲಿದೆ. ಇನ್ನೊಂದನ್ನು ಮಡಚಿ ಹೊಲಿದು ಕೈಚೀಲ ಮಾಡಿಕೊಂಡೆ.

ಅಂದಿನಿಂದ ನನಗೆ ಇದೊಂದು ಹುಚ್ಚು. ಎಲ್ಲಿ ಐರಿಷ್ ಅಕ್ಷರ ಕಂಡರೂ ನಿಂತು ನೋಡುವುದು. ಅದರಲ್ಲೂ ಬಟ್ಟೆಯ ಮೇಲೆ.

ಅಕ್ಷರದ ಕತೆಯೇ ದೊಡ್ಡದು. ಐರಿಷ್‌ಗೆ ಹಿಂದೆ ತನ್ನದೇ ಆದ ಅಚ್ಚಿನ ಅಕ್ಷರ ಇತ್ತು. 'ಕ್ಲೋ ಗೇಲಖ್' ಅನ್ನುತ್ತಾರೆ. ಹಳೆಯ ಹಸ್ತಪ್ರತಿಗಳ ಕೈಬರಹದಿಂದ ಬಂದ ದುಂಡು ಅಕ್ಷರ. ಹದಿನೆಂಟೇ ಅಕ್ಷರ ಇದ್ದದ್ದು. ಅದರಲ್ಲಿ ಡಬ್ಲಿನ್‌ನಲ್ಲಿ ಮೊದಲು ಅಚ್ಚಾದದ್ದು 1571ರಲ್ಲಿ. ಅಕ್ಷರದ ಅಚ್ಚು ಮಾಡಿಸಿಕೊಟ್ಟವಳು ಇಂಗ್ಲೆಂಡಿನ ರಾಣಿ ಮೊದಲನೇ ಎಲಿಜಬೆತ್! ಭಾಷೆಯ ಮೇಲಿನ ಪ್ರೀತಿಯಿಂದ ಅಲ್ಲ. ಇಲ್ಲಿಯ ಕ್ಯಾಥೊಲಿಕರನ್ನು ಪ್ರಾಟೆಸ್ಟಂಟ್ ಮಾಡಲು ಪುಸ್ತಕ ಬೇಕಿತ್ತು, ಅಷ್ಟೇ. ಮುಂದೆ ಬೆಲ್ಜಿಯಂನ ಲೂವೆನ್‌ನಲ್ಲಿದ್ದ ಐರಿಷ್ ಸನ್ಯಾಸಿಗಳು ಅದಕ್ಕೆ ಎದುರಾಗಿ 1611ರಲ್ಲಿ ತಮ್ಮದೇ ಅಚ್ಚು ಮಾಡಿಸಿಕೊಂಡರು. ಜಗಳ ಧರ್ಮದ್ದು, ಲಾಭ ಅಕ್ಷರಕ್ಕೆ.

ಆ ಲಿಪಿಯಲ್ಲಿ ವ್ಯಂಜನದ ತಲೆಯ ಮೇಲೆ ಚುಕ್ಕೆ ಇಟ್ಟರೆ ಉಚ್ಚಾರ ಮೆತ್ತಗಾಗುತ್ತಿತ್ತು. 'ಬ' ಹೋಗಿ 'ವ'. ಟೈಪ್‌ರೈಟರ್ ಬಂದಮೇಲೆ ಚುಕ್ಕೆ ತೊಂದರೆಯಾಯಿತು. ಚುಕ್ಕೆಯ ಜಾಗಕ್ಕೆ ಪಕ್ಕದಲ್ಲಿ ಇಂಗ್ಲಿಷಿನ 'ಎಚ್' ಸೇರಿಸತೊಡಗಿದರು. ಯಾವ ಲಿಪಿ ಎಂಬ ವಾದ ಸ್ವಾತಂತ್ರ್ಯ ಬಂದ ಮೇಲೂ ಹತ್ತಾರು ವರ್ಷ ನಡೆಯಿತು. 1960ರ ದಶಕದ ಹೊತ್ತಿಗೆ ಶಾಲೆಯ ಪುಸ್ತಕಗಳೂ ರೋಮನ್ ಅಕ್ಷರಕ್ಕೆ ಬಂದವು. ಐರಿಷ್ ಕಾಗುಣಿತದಲ್ಲಿ ಅಷ್ಟೊಂದು 'ಎಚ್' ಯಾಕೆ ಎಂದು ನಗುವವರಿಗೆ ಈಗ ನಾನು ಹೇಳುತ್ತೇನೆ, ಅವೆಲ್ಲ ಉದುರಿಹೋದ ಚುಕ್ಕೆಗಳು ಅಂತ.

ಇನ್ನೊಂದು ಮಜಾ ಇದೆ. ಹೈಸ್ಕೂಲಿನ ಆದೇಶ ಸಂಧಿ ನೆನಪಿದೆಯಾ? ಕ, ತ, ಪಗಳಿಗೆ ಗ, ದ, ಬ ಬರುವುದು. ಮಳೆ ಕಾಲ ಮಳೆಗಾಲ ಆದಂತೆ. ಐರಿಷ್‌ನಲ್ಲೂ ಥೇಟ್ ಅದೇ! ಕಾರ್ಕ್ ಊರಿನ ಐರಿಷ್ ಹೆಸರು 'ಕೊರ್ಕಿ'. 'ಕೊರ್ಕಿಯಲ್ಲಿ' ಅನ್ನಬೇಕಾದರೆ 'ಇ ಗೊರ್ಕಿ'. 'ತ್ರಾ ಲೀ'ಗೆ 'ಇ ದ್ರಾ ಲೀ'. 'ಪೊರ್ತ್ ಲಾರ್ಗೆ'ಗೆ 'ಇ ಬೊರ್ತ್ ಲಾರ್ಗೆ'. ಬರೆಯುವಾಗ ಮಾತ್ರ ಹಳೆಯ ಅಕ್ಷರ ಅಳಿಸುವುದಿಲ್ಲ. ಅದರ ಮುಂದೆ ಹೊಸದನ್ನು ಸಣ್ಣಕ್ಷರದಲ್ಲಿ ಕೂರಿಸುತ್ತಾರೆ. ಸಣ್ಣ 'ಜಿ', ಆಮೇಲೆ ದೊಡ್ಡ 'ಸಿ'. ಬೋರ್ಡು, ಟೀ ಶರ್ಟು ಮಾಡುವವರಿಗೆ ಇದೊಂದು ಪರೀಕ್ಷೆ. ಎಲ್ಲವನ್ನೂ ಸುಮ್ನೆ ದೊಡ್ಡಕ್ಷರ ಮಾಡಿದರೆ ಪದ ಕುರೂಪವಾಗುತ್ತದೆ. ಒಂದು ಬಟ್ಟೆ ಮಾಡಿದವರಿಗೆ ಭಾಷೆ ಗೊತ್ತೋ ಇಲ್ಲವೋ ಎಂದು ನಾನೀಗ ಇದರಿಂದಲೇ ಹೇಳಬಲ್ಲೆ.

ರಸ್ತೆ ಬೋರ್ಡುಗಳಲ್ಲಿ ಊರಿನ ಐರಿಷ್ ಹೆಸರು ಮೇಲೆ, ಓರೆ ಅಕ್ಷರದಲ್ಲಿ. ಇಂಗ್ಲಿಷ್ ಹೆಸರು ಕೆಳಗೆ, ದೊಡ್ಡಕ್ಷರದಲ್ಲಿ, ನೆಟ್ಟಗೆ. ಜಾಗ ಮೇಲಿನದು, ಆದರೆ ಕಣ್ಣು ಹೋಗುವುದು ಕೆಳಕ್ಕೆ. ಕಾರು ಓಡಿಸುವಾಗ ನನಗೆ ಪ್ರತಿ ಸಲ ಕಿರಿಕಿರಿ. ಪಬ್‌ಗಳ ಬೋರ್ಡು ಕಂಡರೆ ಇನ್ನೂ ಜಾಸ್ತಿ ಕಿರಿಕಿರಿ. ಹಳೆಯ ಗೇಲಿಕ್ ಅಕ್ಷರದ ವೇಷ, ಒಳಗೆ ಅಪ್ಪಟ ಇಂಗ್ಲಿಷ್. ಅದಕ್ಕಿಂತ ಕಾಲಡಿಯ ಕಬ್ಬಿಣದ ಮುಚ್ಚಳ ವಾಸಿ. ಡಬ್ಲಿನ್ ಪಾದಚಾರಿ ದಾರಿಯಲ್ಲಿ ಹಳೆಯ ಅಂಚೆ ತಂತಿ ಇಲಾಖೆಯ ಮುಚ್ಚಳಗಳಿವೆ. 'ಪಿ' ಮತ್ತು 'ಟಿ' ನಡುವೆ 7ರಂಥ ಒಂದು ಗುರುತು. ಅದು 7 ಅಲ್ಲ, 'ಮತ್ತು'. ರೋಮನ್ನರ ಕಾಲದ ಶೀಘ್ರಲಿಪಿಯಿಂದ ಐರಿಷ್ ಹಸ್ತಪ್ರತಿಗೆ ಬಂದು, ಅಲ್ಲಿಂದ ಚರಂಡಿ ಪಕ್ಕಕ್ಕೆ ಬಂದಿದೆ. ಪಾರ್ಕಿಂಗ್ ದುಡ್ಡು ಕಟ್ಟುವ ಬೋರ್ಡಿನಲ್ಲೂ ಇದೆ. ಯಾರೂ ಅಲಂಕಾರಕ್ಕೆ ಇಟ್ಟದ್ದಲ್ಲ. ಅದಕ್ಕೇ ಇಷ್ಟ.

ಬೇಸಿಗೆ ರಜೆಯಲ್ಲಿ ವಾಯವ್ಯದ ಡನಿಗಾಲ್‌ಗೆ ಹೋಗಿದ್ದೆವು. ಅದರ ಐರಿಷ್ ಹೆಸರು 'ದೂನ್ ನ ಙಲ್'. ಹೌದು, ನಮ್ಮ ಅದೇ ಙ! ಶಾಲೆಯಲ್ಲಿ ಬಾಯಿಪಾಠ ಮಾಡಿ ಮತ್ತೆ ಒಂದು ದಿನವೂ ಬಳಸದೆ ಬಿಟ್ಟ ಅಕ್ಷರ. ಅದಕ್ಕೊಂದು ಕೆಲಸ ಸಿಕ್ಕಿತು ನೋಡಿ, ಅಟ್ಲಾಂಟಿಕ್ ದಂಡೆಯಲ್ಲಿ.

ಡನಿಗಾಲ್ ಟ್ವೀಡ್ ಹೆಸರಾದ ಉಣ್ಣೆ ಬಟ್ಟೆ. ದೂರದಿಂದ ಬೂದು ಅಥವಾ ಕಂದು. ಹತ್ತಿರ ಹೋದರೆ ನೂಲಿನಲ್ಲೇ ಹಳದಿ, ನೇರಳೆ, ಹಸಿರು ಚುಕ್ಕೆಗಳು. ಅಲ್ಲಿಯ ಗುಡ್ಡದ ಹೂವು, ಕಲ್ಲಿನ ಪಾಚಿ ಎಲ್ಲ ಉದುರಿ ಬಿದ್ದಂತೆ. ಕಿಲ್‌ಕಾರ್ ಎಂಬ ಊರಲ್ಲಿ ಇಂದಿಗೂ ಕೈಮಗ್ಗ ಇದೆ. ನನ್ನ ಅಜ್ಜ ಖಣ ನೇಯುತ್ತಿದ್ದವನು. ಕುಣಿಮಗ್ಗದ ಸದ್ದಿಗೆ ನಿದ್ದೆ ಮಾಡಿ ಬೆಳೆದವಳು ನಾನು. ಬಾಗಿಲು ತೆರೆದೊಡನೆ ಲಾಳಿ ಓಡುವ ಸದ್ದು ಕೇಳಿ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ನೇಯುತ್ತಿದ್ದವರನ್ನು ಮುರುಕು ಐರಿಷ್‌ನಲ್ಲೇ ಕೇಳಿದೆ, ಹಾಸು ಹೊಕ್ಕಿಗೆ ಏನನ್ನುತ್ತೀರಿ ಅಂತ. ಹಾಸು ಅಂದರೆ 'ದ್ಲೂ', ಹೊಕ್ಕು ಅಂದರೆ 'ಇನ್ಯಖ್' ಎಂದರು. ಮಗ್ಗಕ್ಕೆ 'ಶೋಲ್'. ದೋಣಿಯ ಹಾಯಿಗೂ ಅದೇ ಪದ. ಕಡಲ ದಂಡೆಯ ನೇಕಾರರಲ್ಲವೇ.

ಅಲ್ಲಿಂದ ಸ್ವಲ್ಪ ಮುಂದೆ ಗ್ಲೆನ್‌ಕೋಲಮ್‌ಕಿಲ್. ಅಲ್ಲಿ 1984ರಲ್ಲಿ ಶುರುವಾದ ಇದ್ಯಸ್ ಗೇಲ್ ಎಂಬ ಸಂಸ್ಥೆ ದೊಡ್ಡವರಿಗೆ ಐರಿಷ್ ಕಲಿಸುತ್ತದೆ. ಬರೀ ಕ್ಲಾಸಿನಲ್ಲಿ ಕೂರಿಸಿ ಅಲ್ಲ. ಗುಡ್ಡ ಹತ್ತುತ್ತ, ಕುಣಿಯುತ್ತ, ಬಟ್ಟೆ ನೇಯುತ್ತ ಕಲಿಯುವ ಕೋರ್ಸುಗಳನ್ನೂ ನಡೆಸಿದೆ. ಇದು ಸರಿಯಾದ ದಾರಿ ಎಂದು ನನಗೆ ಅನಿಸುತ್ತದೆ. ಕೈ ಮಗ್ಗದ ಮೇಲಿದ್ದಾಗ ನಾಲಗೆಗೆ ನಾಚಿಕೆ ಕಡಿಮೆ.

ಅರಾನ್ ದ್ವೀಪಗಳ ಹೆಣಿಗೆ ಸ್ವೆಟರ್ ಕತೆ ನೀವೂ ಕೇಳಿರಬಹುದು. ಒಂದೊಂದು ಮನೆತನಕ್ಕೆ ಒಂದೊಂದು ವಿನ್ಯಾಸವಂತೆ, ಕಡಲಲ್ಲಿ ಸತ್ತ ಮೀನುಗಾರನನ್ನು ಅದರಿಂದ ಗುರುತಿಸುತ್ತಿದ್ದರಂತೆ. ಅಂಗಡಿಯವರು ಕಣ್ಣೊದ್ದೆ ಮಾಡಿಕೊಂಡು ಹೇಳುತ್ತಾರೆ. ಇದು ಇಪ್ಪತ್ತನೇ ಶತಮಾನದಲ್ಲಿ ಬೆಳೆದ ಕಟ್ಟುಕತೆ. ನಿಜವಾದ ಸಂಗತಿ ಬೇರೆಯೇ ಇದೆ, ಅದನ್ನು ಯಾರೂ ಮಾರುವುದಿಲ್ಲ. ಆ ದ್ವೀಪಗಳಲ್ಲಿ ಇವತ್ತಿಗೂ ಮನೆಮಾತು ಐರಿಷ್. ಎಷ್ಟೋ ಸ್ವೆಟರ್‌ಗಳ ಚೀಟಿಯ ಮೇಲೆ ಇಲ್ಲದ ಮನೆತನದ ಕತೆ ಇದೆ, ಇರುವ ಭಾಷೆಯ ಒಂದು ಪದವಿಲ್ಲ.

ಬಟ್ಟೆ, ಬ್ಯಾಡ್ಜುಗಳಿಂದ ಭಾಷೆ ಬೆಳೆಯುತ್ತದಾ? ಇಲ್ಲಿಯವರೇ ಈ ಪ್ರಶ್ನೆ ಕೇಳುತ್ತಾರೆ. ಗೇಲ್ತಖ್ತ್, ಅಂದರೆ ಐರಿಷ್ ಮಾತಾಡುವ ಪ್ರದೇಶಗಳಲ್ಲಿ ಮನೆ ಬಾಡಿಗೆ ಏರಿ ಯುವಕರು ಊರು ಬಿಡುತ್ತಿದ್ದಾರೆ, ನೀವು ಮಗ್ ಮೇಲೆ ಗಾದೆ ಬರೆಯುತ್ತೀರಿ ಎಂದು ಒಬ್ಬರು ನನಗೇ ಅಂದರು. ಸರಿಯಾದ ಮಾತು. ಉತ್ತರ ಇರಲಿಲ್ಲ.

ಆದರೂ ಕೆಲವು ಸಲ ಬಟ್ಟೆ ಕೆಲಸ ಮಾಡಿದೆ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ 2016ರ ಡಿಸೆಂಬರ್‌ನಲ್ಲಿ, ಬಡ ಮಕ್ಕಳು ಬೇಸಿಗೆಯಲ್ಲಿ ಗೇಲ್ತಖ್ತ್‌ಗೆ ಹೋಗಿ ಕಲಿಯಲು ಕೊಡುತ್ತಿದ್ದ 50,000 ಪೌಂಡ್ ನೆರವನ್ನು ಅಲ್ಲಿಯ ಮಂತ್ರಿ ನಿಲ್ಲಿಸಿದರು. ಸಣ್ಣ ಮೊತ್ತ. ಸಿಟ್ಟು ದೊಡ್ಡದಾಯಿತು. 'ಅನ್ ಜ್ರಾಮ್ ಜ್ಯಾರಗ್', ಕೆಂಪು ಗುಂಪು, ಹುಟ್ಟಿಕೊಂಡಿತು. ಘೋಷಣೆ 'ಜ್ಯಾರಗ್ ಲೆ ಫ್ಯಾರಗ್', ಸಿಟ್ಟಿನಿಂದ ಕೆಂಪು. ಕೆಂಪು ಬಟ್ಟೆಯ ಮೇಲೆ ಒಂದು ಬಿಳಿ ವೃತ್ತ. ಅಷ್ಟೇ ಗುರುತು. ಮಗುವೂ ಬಿಡಿಸಬಹುದು, ಹಳೆಯ ಶರ್ಟಿಗೂ ಹಚ್ಚಬಹುದು. 2017ರಲ್ಲಿ, ಮತ್ತೆ 2022ರ ಮೇ ತಿಂಗಳಲ್ಲಿ ಸಾವಿರಾರು ಜನ ಬೆಲ್‌ಫಾಸ್ಟ್ ಬೀದಿಗಳನ್ನು ಕೆಂಪು ಮಾಡಿದರು. ನಿಂತ ನೆರವು ಕೆಲವೇ ವಾರಗಳಲ್ಲಿ ವಾಪಸ್ ಬಂದಿತ್ತು. ಐರಿಷ್‌ಗೆ ಅಲ್ಲಿ ಅಧಿಕೃತ ಸ್ಥಾನ ಕೊಡುವ ಕಾನೂನು 2022ರ ಡಿಸೆಂಬರ್‌ನಲ್ಲಿ ಬಂತು. ಶರ್ಟು ಕಾನೂನು ತಂದಿತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಜನರನ್ನು ಅವರವರಿಗೇ ತೋರಿಸಿಕೊಟ್ಟದ್ದು ಆ ಬಣ್ಣ.

ಇದಕ್ಕೂ ಹಳೆಯದು 'ಫಾನ್ಯ', ಅಂದರೆ ಉಂಗುರ. ಕೋಟಿಗೆ ಸಿಕ್ಕಿಸುವ ಸಣ್ಣ ಉಂಗುರದ ಪಿನ್ನು. ಚಿನ್ನದ ಬಣ್ಣದ್ದಾದರೆ ಸರಾಗವಾಗಿ ಬರುತ್ತದೆ ಎಂದು, ಬೆಳ್ಳಿಯದಾದರೆ ಕಲಿಯುತ್ತಿದ್ದಾರೆ ಎಂದು. ಯಾರ ಹತ್ತಿರ ಐರಿಷ್ ಮಾತಾಡಬಹುದು ಎಂದು ದೂರದಿಂದಲೇ ತಿಳಿಯುತ್ತದೆ. 2015ರಲ್ಲಿ ಸಲಿಂಗ ವಿವಾಹದ ಬಗ್ಗೆ ಜನಮತ ನಡೆದಾಗ ಅದರ ಪರ ಇದ್ದ ಎಷ್ಟೋ ಜನ 'ತಾ' ಎಂಬ ಬ್ಯಾಡ್ಜ್ ಹಾಕಿಕೊಂಡಿದ್ದರು. 'ತಾ' ಅಂದರೆ 'ಇದೆ'. ಎಸ್‌ಗೆ ಪದವಿಲ್ಲ ಎಂದೆನಲ್ಲ, ಮತಕ್ಕೆ ಈ ಕ್ರಿಯಾಪದವೇ ಸಾಕಾಯಿತು. ರೋಮನ್‌ನಲ್ಲಿ ಎರಡೇ ಅಕ್ಷರ, ಮೇಲೊಂದು ದೀರ್ಘ. ಯಾರ ವಿನ್ಯಾಸವೂ ಇಷ್ಟು ಸರಳ ಇರಲಾರದು.

ಈಗ ಅಂಗಡಿಗಳಲ್ಲಿ ನನಗೆ ಇಷ್ಟವಾಗುವುದು 'ನೂರು ಸಾವಿರ ಸ್ವಾಗತ' ಎಂದು ಬರೆದ, ಮೂರೆಲೆಯ ಶ್ಯಾಮ್‌ರಾಕ್ ಸೊಪ್ಪಿನ ಚಿತ್ರದ ಟವೆಲ್ ಅಲ್ಲ. ಪ್ರವಾಸಿಗಳು ಒಯ್ಯಲಿ. ಜೆಲ್ಲಿಫಿಶ್‌ಗೆ ಐರಿಷ್‌ನಲ್ಲಿರುವ ಒಂದು ಹೆಸರಿನ ಅರ್ಥ 'ಕಡಲುನಾಯಿಯ ಸಿಂಬಳ'. ಲೇಡಿಬರ್ಡ್ ಹುಳಕ್ಕೆ 'ದೇವರ ಪುಟ್ಟ ಹಸು'. ಇಂಥ ಪದಗಳನ್ನು ಚಿತ್ರದ ಜತೆ ಮಕ್ಕಳ ಅಂಗಿ, ಗೋಡೆ ಚಿತ್ರಗಳಿಗೆ ಹಾಕುತ್ತಿದ್ದಾರೆ. ನನ್ನ ಮಗಳ ಬಾಯಲ್ಲಿ ಸಿಂಬಳದ ಪದ ಒಂದೇ ದಿನದಲ್ಲಿ ಕೂತಿತು. ಪಾಠದ ಪದಗಳಿಗೆ ವಾರ ಬೇಕು.

ಇದನ್ನೆಲ್ಲ ಹೇಳಿದಾಗ ಊರಿನ ಗೆಳತಿ "ಕನ್ನಡಕ್ಕೂ ಇದೇ ಗತಿ ಬಂತು ನೋಡು" ಎಂದಳು. ನಾನು ಒಪ್ಪಲಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿಯವರು 4.37 ಕೋಟಿ. ಇಲ್ಲಿ ದಿನಾ ಮಾತಾಡುವವರು ಒಂದು ಮಧ್ಯಮ ಊರಿನಷ್ಟು. ಸುಮ್ನೆ ಹೋಲಿಸಿ ಹೆದರಬಾರದು. ನವೆಂಬರ್‌ನಲ್ಲಿ ನಾವೂ ಹಳದಿ ಕೆಂಪು ಶಾಲು ಹೊದೆಯುತ್ತೇವೆ, ಇಲ್ಲಿಯ ಕನ್ನಡ ಕೂಟದಲ್ಲೂ ಹೊದೆಯುತ್ತೇವೆ. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಚುಚ್ಚುತ್ತದೆ. ಶಾಲು ಹೊದ್ದ ಮಕ್ಕಳು ಫೋಟೋ ಮುಗಿದೊಡನೆ ಇಂಗ್ಲಿಷಿಗೆ ಹೋಗುತ್ತಾರೆ. ನಮ್ಮ ಮನೆಯದೂ ಸೇರಿ.

ಮೊನ್ನೆ ಬಸ್ ಸ್ಟಾಪಿನಲ್ಲಿ ಮಳೆಗೆ ನಿಂತಿದ್ದೆ. ಹೆಗಲಲ್ಲಿ ಪ್ಯಾಂಟಿನ ಚೀಲ. ಪಕ್ಕದಲ್ಲಿ ಟ್ವೀಡ್ ಟೋಪಿಯ ಒಬ್ಬ ಅಜ್ಜ. ಚೀಲ ಓದಿದರು. ತಮ್ಮ ಪ್ಯಾಂಟನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಐರಿಷ್‌ನಲ್ಲೇ, ನಿಧಾನವಾಗಿ, ಇದು ಯಾವ ಪ್ಯಾಂಟು ಎಂದು ಕೇಳಿದರು. ನಾನು ತಿಣುಕಾಡಿ ನಾಲ್ಕು ವಾಕ್ಯದಲ್ಲಿ ಕತೆ ಹೇಳಿದೆ. ಮೂರು ಕಡೆ ತಪ್ಪಿದೆ. ಅವರೂ ಒಂದು ಕಡೆ ಪದಕ್ಕಾಗಿ ತಡಕಾಡಿದರು. ಶಾಲೆ ಬಿಟ್ಟ ಮೇಲೆ ಇಷ್ಟು ಮಾತಾಡಿದ್ದು ಇದೇ ಮೊದಲು ಅಂದರು. ಅಷ್ಟರಲ್ಲಿ ಬಸ್ಸು ಬಂತು. ಕೈ ತೋರಿಸಿದರೂ ನಿಲ್ಲದೆ ಕೆಸರು ಎರಚಿ ಹೋಯಿತು. ಹಣೆಯ ಮೇಲೆ ದೀಪದ ಅಕ್ಷರದಲ್ಲಿ 'ಆಸ್ ಶೆರ್ವೀಶ್' ಎಂದಿತ್ತು. ಸೇವೆಯಲ್ಲಿಲ್ಲ ಅಂತ. ಇಬ್ಬರೂ ಒಟ್ಟಿಗೆ ಜೋರಾಗಿ ಓದಿದೆವು. ಅದರಲ್ಲಿ ಫಾದಾ ಸರಿಯಾಗಿಯೇ ಇತ್ತು.